ಖೋ ಅನ್ನುವವರೆಗೆ ಏಳಬಾರದು

"ಎಷ್ಟು ಅಡಿ ಬೇಕಕ್ಕಾ? ಬೋರ್‌ವೆಲ್ಲಿಗಾ, ಬಾತ್‌ರೂಮಿಗಾ?" ಅಂತ ಪೈಪ್ ಅಂಗಡಿಯವರು ಕೇಳಿದರು. "ನಾಯಿಗೆ" ಅಂದೆ. ಅವರು ಕ್ಯಾಲ್ಕುಲೇಟರಿನಿಂದ ಕಣ್ಣೆತ್ತಿ ಒಮ್ಮೆ ನನ್ನ ಮುಖ ನೋಡಿದರು. ಮತ್ತೇನೂ ಕೇಳಲಿಲ್ಲ. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಮೂರೂವರೆ ಅಡಿಯಂತೆ 12 ತುಂಡು ಮಾಡಿಸಿ, ಆಟೋದ ಹಿಂದೆ ಕಟ್ಟಿಸಿಕೊಂಡು ವಿದ್ಯಾನಗರದ ಮನೆಗೆ ಬಂದೆ. ಅವತ್ತೇ ರಾತ್ರಿ ಬೆಂಗಳೂರಿನ ಟ್ರೈನರ್ ಮೇಡಂಗೆ ವಿಡಿಯೋ ಕಾಲ್ ಮಾಡಿ ಹೆಮ್ಮೆಯಿಂದ ತೋರಿಸಿದೆ. ಅವರು ನಕ್ಕರು. "ಚೆನ್ನಾಗಿವೆ. ಈಗ ಮಾಳಿಗೆ ಮೇಲೆ ಇಟ್ಟುಬಿಡಿ. ಒಂದು ವರ್ಷ ಕೆಳಗಿಳಿಸಬೇಡಿ" ಅಂದರು.

ಪೈಪುಗಳು ಇನ್ನೂ ಮಾಳಿಗೆ ಮೇಲೆಯೇ ಇವೆ. ಅದರಲ್ಲಿ ನಾಲ್ಕನ್ನು ಅತ್ತೆ ಹೀರೆ ಬಳ್ಳಿಗೆ ಊರುಗೋಲು ಮಾಡಿದ್ದಾರೆ.

ಕೆಂಪಿ ನಮ್ಮ ಬೀದಿಯದೇ ನಾಯಿ. ಮಳೆಗಾಲದಲ್ಲಿ ಚರಂಡಿ ಪಕ್ಕ ಸಿಕ್ಕವಳು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ. ನೋಡಿದವರು "ಮುಧೋಳದ ಬೆರಕೆ ಇರಬೇಕು" ಅನ್ನುತ್ತಾರೆ. ನಾನು ಹೂಂ ಅನ್ನುವುದೂ ಇಲ್ಲ, ಉಹೂಂ ಅನ್ನುವುದೂ ಇಲ್ಲ. ಏಳು ತಿಂಗಳು ತುಂಬುವ ಹೊತ್ತಿಗೆ ಮೂರು ಜೊತೆ ಚಪ್ಪಲಿ, ಒಂದು ಮೊಬೈಲ್ ಚಾರ್ಜರ್ ಮುಗಿಸಿ ಕಾಂಪೌಂಡ್ ಹಾರಲು ಶುರು ಮಾಡಿದ್ದಳು. ಈ ಹಾರಾಟವನ್ನೇ ಒಂದು ಆಟ ಮಾಡಿಬಿಡೋಣ ಅಂತ ನನ್ನ ಲೆಕ್ಕ. ಅಜಿಲಿಟಿ ವಿಡಿಯೋಗಳನ್ನು ನೋಡಿ ನೋಡಿ ತಲೆ ಕೆಟ್ಟಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ನಡುವಿನ ಖಾಲಿ ಹೊತ್ತು ತುಂಬಿಸಲು ಹುಟ್ಟಿದ ಆಟ ಇದು. ಕುದುರೆಗಳನ್ನು ಬೇಲಿ ಹಾರಿಸುವ ಸ್ಪರ್ಧೆ ನೋಡಿ ಅದನ್ನೇ ನಾಯಿಗಳಿಗೆ ಹೊಂದಿಸಿದರು. ಅಡ್ಡಗಂಬಿ, ಸುರಂಗ, ಕಡಿದಾದ ಏರು, ಎತ್ತರದ ಹಲಗೆ, ಒಂದು ತುದಿ ಏರಿದರೆ ಇನ್ನೊಂದು ಇಳಿಯುವ ಸೀಸಾ ಹಲಗೆ, 60 ಸೆಂಟಿಮೀಟರಿಗೊಂದರಂತೆ ನೆಟ್ಟ, ನಾಯಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿ ಹೋಗಬೇಕಾದ 12 ಕಂಬಗಳ ಸಾಲು. ನನ್ನ ಪೈಪುಗಳು ಈ ಸಾಲಿಗೇ. ಪ್ರತಿ ಸಲವೂ ಇವುಗಳ ಕ್ರಮ ಬೇರೆ. ಆ ಕ್ರಮ ನಾಯಿಗೆ ಗೊತ್ತಿಲ್ಲ, ನಮಗಷ್ಟೇ ಗೊತ್ತು. ಜೊತೆಗೆ ಓಡುತ್ತಾ ದಾರಿ ತೋರಿಸಬೇಕು. ನಾಯಿಯನ್ನು ಮುಟ್ಟುವಂತಿಲ್ಲ, ಕೈಯಲ್ಲಿ ತಿಂಡಿ ಇರುವಂತಿಲ್ಲ. ಕಂಬಿ ಬಿದ್ದರೆ 5 ಅಂಕ ದಂಡ.

ನಾನು ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು. ತಾಲ್ಲೂಕು ಮಟ್ಟಕ್ಕೆ ಹೋಗಿದ್ದೆವು. ಅಲ್ಲೇ ಮೊಣಕಾಲು ಕೆಡಿಸಿಕೊಂಡೆ. ಹಾಗಾಗಿ ಈ ನಾಯಿಯ ಪಕ್ಕ ಸರಿಸಮ ಓಡುವ ಆಸೆ ನನಗೆ ಮೊದಲಿನಿಂದಲೂ ಇರಲಿಲ್ಲ. ಆದರೆ ಖೋ ಖೋ ಈ ಕೆಲಸಕ್ಕೆ ಬೇರೆ ಥರ ಒದಗಿ ಬಂತು.

ಒಂದು ವರ್ಷ ಯಾಕೆ ಅಂತ ಮೇಡಂ ಹೇಳಿದರು, ನಮ್ಮ ಪಶುವೈದ್ಯರೂ ಅದನ್ನೇ ಹೇಳಿದರು. ಮರಿಯ ಕಾಲಿನ ಮೂಳೆ ಬೆಳೆಯುವುದು ತುದಿಯಲ್ಲಿರುವ ಮೆತ್ತಗಿನ ಭಾಗದಿಂದ. ಅದು ಗಟ್ಟಿಯಾಗಲು 12ರಿಂದ 18 ತಿಂಗಳು ಬೇಕು. ಅದಕ್ಕೆ ಮೊದಲು ಎತ್ತರದಿಂದ ಪದೇ ಪದೇ ನೆಗೆದರೆ, ಕಂಬಗಳ ನಡುವೆ ಮೈ ತಿರುಚಿದರೆ ಪೆಟ್ಟು ಬೀಳುವುದು ಅಲ್ಲಿಗೇ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ 18 ತಿಂಗಳಾಗದ ನಾಯಿಯನ್ನು ಸೇರಿಸುವುದಿಲ್ಲ. ಹಾಗಾದರೆ ಅಲ್ಲಿಯವರೆಗೆ ಏನು ಮಾಡುವುದು? "ಬುನಾದಿ" ಅಂದರು ಮೇಡಂ. ಬುನಾದಿ ಅಂದರೆ ನಾಲ್ಕು ದಿನದ ಕೆಲಸ ಅಂದುಕೊಂಡಿದ್ದೆ.

ಮೊದಲು ಟಿಕ್ ಅನ್ನುವ ಪುಟ್ಟ ಡಬ್ಬಿ. ಕ್ಲಿಕ್ಕರ್ ಅಂತಾರೆ. ನಾಯಿ ಸರಿಯಾಗಿ ಮಾಡಿದ ಆ ಕ್ಷಣಕ್ಕೇ ಟಿಕ್ ಅನ್ನಿಸಬೇಕು, ಆಮೇಲೆ ತಿಂಡಿ. ಟಿಕ್ ಅಂದರೆ "ಇದೇ, ಇದಕ್ಕೇ ಕೂಲಿ" ಅಂತ ನಾಯಿಗೆ ಅರ್ಥ. ಎರಡು ದಿನದಲ್ಲಿ ಕೆಂಪಿ ಕಲಿತಳು. ತೊಂದರೆ ಆಗಿದ್ದು ಅತ್ತೆಗೆ. ಟಿಕ್ ಟಿಕ್ ಕೇಳಿದಾಗಲೆಲ್ಲ ಹಲ್ಲಿ ಲೊಚಗುಟ್ಟಿತು ಅಂದುಕೊಂಡು, ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಐದು ನಿಮಿಷದಲ್ಲಿ ಮೂವತ್ತು ಸಲ ಕೃಷ್ಣನನ್ನು ಕರೆದ ಮೇಲೆ ಅಡುಗೆಮನೆಯಿಂದ ಎದ್ದು ಬಂದು ನೋಡಿದರು. "ನಾಯಿಗೆ ಬುದ್ಧಿ ಕಲಿಸಾಕೆ ಹಲ್ಲಿ ಶಬ್ದ ಯಾಕಮ್ಮಾ?"

ಆಮೇಲೆ ಕಾಯುವುದು. ಓಟ ಶುರುವಾಗುವ ಗೆರೆಯ ಹಿಂದೆ ನಾಯಿ ಕೂತಿರಬೇಕು, ನಾವು ಮುಂದೆ ನಡೆದು ಹೋಗಿ ನಿಲ್ಲಬೇಕು, ಕರೆದಾಗ ಮಾತ್ರ ಅದು ಏಳಬೇಕು. ನನ್ನಂಥ ಕುಂಟು ಮೊಣಕಾಲಿನವರಿಗೆ ಇದೇ ದೊಡ್ಡ ಆಧಾರ, ನಾಲ್ಕು ಹೆಜ್ಜೆ ಮುಂದಿರಬಹುದಲ್ಲ. "ಏಳು" ಅನ್ನುವುದಕ್ಕೆ ಒಂದು ಪದ ಬೇಕಿತ್ತು. ಸುಮ್ನೆ "ಸರಿ" ಅಂತ ಇಟ್ಟೆ. ಒಂದು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಅವಳನ್ನು ಕೂರಿಸಿ ಹಿಂದೆ ಸರಿಯುತ್ತಿದ್ದಾಗ ಆಫೀಸಿನಿಂದ ಫೋನ್ ಬಂತು. "ಸರಿ ಸರ್, ಸರಿ, ಸರಿ" ಅಂದೆ. ಕೆಂಪಿ ಮೂರು ಸಲ ಎದ್ದಳು. ಅವಳದೇನು ತಪ್ಪು? ನಾವು ದಿನಕ್ಕೆ ಎಷ್ಟು ಸಲ "ಸರಿ" ಅಂತೀವಿ ಅನ್ನುವುದು ನಾಯಿ ಸಾಕಿದರೆ ಗೊತ್ತಾಗುತ್ತದೆ.

ಯಾರೂ ಮಾತಿನ ಮಧ್ಯೆ ಆಡದ ಪದ ಬೇಕು ಅಂತ ಯೋಚಿಸುವಾಗ ಹೊಳೆದದ್ದು "ಖೋ". ಖೋ ಖೋದಲ್ಲಿ ಕೂತವರ ನಿಯಮವೂ ಇದೇ. ಬೆನ್ನ ಹಿಂದಿನಿಂದ ಮುಟ್ಟಿ ಖೋ ಅನ್ನುವವರೆಗೆ ಏಳುವಂತಿಲ್ಲ. ಎದ್ದರೆ ಫೌಲ್. ಕಾಲು ಎಷ್ಟೇ ತುಡಿಯಲಿ, ಮೈಯೆಲ್ಲ ಬಿಲ್ಲಿನಂತೆ ಬಿಗಿದಿರಲಿ, ಕೂತೇ ಇರಬೇಕು. ಕೆಂಪಿ ಗೆರೆಯ ಹಿಂದೆ ಕೂತು ನಡುಗುವುದನ್ನು ನೋಡಿದರೆ ನನಗೆ ನಮ್ಮ ಶಾಲೆ ಮೈದಾನದ ನಾಲ್ಕನೇ ಚೌಕದಲ್ಲಿ ಕೂತ ನಾನೇ ನೆನಪಾಗುತ್ತೇನೆ.

ಇಲ್ಲೊಂದು ಸೂಕ್ಷ್ಮ ಇದೆ. ನಾನು "ಖೋ" ಅನ್ನುತ್ತಲೇ ಓಡಲೂ ಶುರು ಮಾಡುತ್ತಿದ್ದೆ. ವಿಡಿಯೋ ನೋಡಿದ ಮೇಡಂ "ಅವಳು ಪದ ಕೇಳಿ ಏಳುತ್ತಿಲ್ಲ, ನಿಮ್ಮ ಭುಜ ನೋಡಿ ಏಳುತ್ತಿದ್ದಾಳೆ" ಅಂದರು. ಪರೀಕ್ಷೆ ಮಾಡಿದೆ. ಮಾತಾಡದೆ ಭುಜ ಅಲ್ಲಾಡಿಸಿದೆ, ಎದ್ದಳು. ಕಂಬದಂತೆ ನಿಂತು "ಖೋ" ಅಂದೆ, ಕಣ್ಣು ಪಿಳಿಪಿಳಿ ಬಿಟ್ಟು ಕೂತೇ ಇದ್ದಳು. ಮೂರು ವಾರದಿಂದ ನಾನು ಕಲಿಸಿದ್ದು ಬೇರೆ, ಅವಳು ಕಲಿತದ್ದು ಬೇರೆ! ಮತ್ತೆ ಮೊದಲಿನಿಂದ. ಮೊದಲು ಪದ, ಒಂದು ಉಸಿರು, ಆಮೇಲೆ ಚಲನೆ. ನಡುವೆ ಕೈ ಬೀಸುವುದು, ಕೆಮ್ಮುವುದು, ಕೂತು ಏಳುವುದು ಎಲ್ಲ ಮಾಡಿ, ಅಲ್ಲಾಡದೆ ಕೂತಿದ್ದಕ್ಕೆ ಕೋಳಿ ತುಂಡು. ಕೂತಿದ್ದಕ್ಕೂ ಕೂಲಿ ಇದೆ ಅಂತ ಗೊತ್ತಾದ ಮೇಲೆ ಅವಳ ನಡುಕ ಅರ್ಧ ಕಡಿಮೆಯಾಯಿತು.

ಭುಜದ ವಿಷಯ ಬಂದಿದ್ದು ಒಳ್ಳೆಯದೇ ಆಯಿತು. ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವವರು ಭುಜ ತಿರುಗಿಸಿದ ದಿಕ್ಕಿಗೇ ಹೋಗಬೇಕು. ಅತ್ತ ಭುಜ ಹಾಕಿ ಇತ್ತ ಓಡುವಂತಿಲ್ಲ. ನಾಯಿಯೂ ನಮ್ಮನ್ನು ಓದುವುದು ಹಾಗೆಯೇ. ಬಾಯಿ "ಬಲಕ್ಕೆ" ಅಂದು ಭುಜ ಎಡಕ್ಕಿದ್ದರೆ ಅದು ಎಡಕ್ಕೇ ಹೋಗುತ್ತದೆ. ಇದನ್ನು ನಾನು ಕಲಿತದ್ದು ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು. ಬಕೆಟ್ ಮಗುಚಿಟ್ಟು, ಅದನ್ನು ಸುತ್ತಿ ಬರಲು ಕೆಂಪಿಯನ್ನು ಕಳಿಸುವುದು. ಮೊದಲು ಒಂದು ಹೆಜ್ಜೆ ದೂರದಿಂದ, ಆಮೇಲೆ ಐದು, ಹತ್ತು. ಒಮ್ಮೆ ನನ್ನ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ. ಎರಡೂ ಕಡೆ ಸಮ ಆಗಬೇಕು. ಕೆಂಪಿಗೆ ಬಲಕ್ಕೆ ತಿರುಗುವುದು ಸಲೀಸು, ಎಡಕ್ಕೆ ಅಷ್ಟಕ್ಕಷ್ಟೇ. ತಿಂಡಿ ಎಲ್ಲಿ ಕೊಡುತ್ತೇವೆ ಅನ್ನುವುದೂ ಮುಖ್ಯ. ಯಾವಾಗಲೂ ಕೈಯಿಂದಲೇ ಕೊಟ್ಟರೆ ನಾಯಿ ಕೈಯನ್ನೇ ನೋಡುತ್ತಾ ಓಡುತ್ತದೆ, ಬಕೆಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಅವಳು ಮುಂದೆ ನೋಡಬೇಕು ಅಂದರೆ ತಿಂಡಿ ಮುಂದೆ ಬೀಳಬೇಕು.

ತಿಂಡಿ ಅಂದರೆ ಮನೆಯೊಳಗೆ ಬರೀ ಮಂಡಕ್ಕಿ. ದಾವಣಗೆರೆಯಲ್ಲಿ ಮಂಡಕ್ಕಿಗೇನು ಬರ, ಅಲ್ವಾ? ಒಗ್ಗರಣೆ, ಉಪ್ಪು, ಖಾರ ಯಾವುದೂ ಇಲ್ಲದ್ದು. ಹೊರಗೆ ನಾಯಿ, ಹಂದಿ, ಸ್ಕೂಟರ್ ಎಲ್ಲದರ ನಡುವೆ ಮಂಡಕ್ಕಿಗೆ ಬೆಲೆ ಇಲ್ಲ, ಅಲ್ಲಿ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ದೊಡ್ಡ ತುಂಡು. ಅಷ್ಟನ್ನು ಅವಳ ಊಟದಲ್ಲಿ ಕಳೆಯಬೇಕು. ಈ ಲೆಕ್ಕ ಅತ್ತೆಗೆ ಒಪ್ಪಿಗೆಯಿಲ್ಲ. ಬೆಣ್ಣೆ ದೋಸೆ ತಂದ ದಿನ ಅಂಚು ಮುರಿದು ಕೆಳಗೆ ಬೀಳಿಸಿ, "ಬಿತ್ತಮ್ಮ, ನಾನೇನ್ ಮಾಡ್ಲಿ" ಅನ್ನುತ್ತಾರೆ. ಆದರೆ ಈರುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ ಅಂತ ಕೂರಿಸಿ ಹೇಳಿದ್ದೇನೆ. ಅದನ್ನು ಪಾಲಿಸುತ್ತಾರೆ.

ಇನ್ನು ಹಿಂಗಾಲು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ನನಗೆ ಅತಿ ಆಶ್ಚರ್ಯ ಆಗಿದ್ದು ಇಲ್ಲೇ. ತನಗೆ ಹಿಂಗಾಲು ಇದೆ ಅನ್ನುವ ಯೋಚನೆಯೇ ನಾಯಿಗೆ ಇದ್ದಂತಿಲ್ಲ. ಮುಂಗಾಲು ಎಲ್ಲಿ ಇಡುತ್ತೇನೆ ಅಂತ ನೋಡಿ ಇಡುತ್ತದೆ, ಹಿಂದಿನವು ಸುಮ್ನೆ ಹಿಂಬಾಲಿಸುತ್ತವೆ. ನೆಲದ ಮೇಲೆ ಪರವಾಗಿಲ್ಲ. ನಾಲ್ಕು ಅಡಿ ಎತ್ತರದಲ್ಲಿ, ಒಂದು ಅಡಿ ಅಗಲದ ಹಲಗೆ ಮೇಲೆ ಓಡುವಾಗ ಹಿಂಗಾಲು ಜಾರಿದರೆ? ಕಂಬಿ ಬೀಳಿಸುವುದೂ ಎಷ್ಟೋ ಸಲ ಹಿಂಗಾಲೇ.

ಮೊದಲು ಮಣೆ. ಮುಂಗಾಲೆರಡನ್ನು ಮಣೆ ಮೇಲೆ ಇಟ್ಟು ನಿಲ್ಲುವುದು, ಹಿಂಗಾಲಿನಿಂದ ಸುತ್ತಲೂ ತಿರುಗುವುದು. ಬೀಸುವ ಕಲ್ಲು ತನ್ನ ಗೂಟದ ಸುತ್ತ ತಿರುಗುವಂತೆ. ಅತ್ತೆ ಊಟಕ್ಕೆ ಕೂರುವ ಮಣೆ ತೆಗೆದುಕೊಂಡಿದ್ದಕ್ಕೆ ಮಾತು ಕೇಳಬೇಕಾಯಿತು. ಆಮೇಲೆ ಸಿಮೆಂಟ್ ಇಟ್ಟಿಗೆಗೆ ಗೋಣಿಚೀಲ ಸುತ್ತಿಕೊಂಡೆ. ಮೂರು ದಿನ ಕೆಂಪಿ ಮುಂಗಾಲಿಟ್ಟು ನನ್ನ ಮುಖ ನೋಡುತ್ತಾ ನಿಂತಳು. ನಾನು ಅವಳ ಭುಜದ ಕಡೆಗೆ ಅರ್ಧ ಹೆಜ್ಜೆ ಸರಿದರೆ ಇಟ್ಟಿಗೆಯಿಂದ ಇಳಿದುಬಿಡುತ್ತಿದ್ದಳು. ನಾಲ್ಕನೇ ದಿನ ಎಡ ಹಿಂಗಾಲು ಒಂದು ಇಂಚು ಪಕ್ಕಕ್ಕೆ ಹೋಯಿತು. ಟಿಕ್. ಅವಳು ತಿರುಗಿ ತನ್ನ ಹಿಂಗಾಲನ್ನೇ ನೋಡಿಕೊಂಡಳು. "ಇದು ನಂದಾ?" ಅನ್ನುವ ಹಾಗೆ. ನಿಜವಾಗಿ ಹಾಗೇ ಅಂದುಕೊಂಡಳೋ ಇಲ್ಲವೋ, ಆ ನೋಟ ಮಾತ್ರ ನಾನು ಮರೆಯುವುದಿಲ್ಲ. ಹತ್ತು ದಿನಕ್ಕೆ ಅರ್ಧ ಸುತ್ತು, ತಿಂಗಳಿಗೆ ಎರಡೂ ಕಡೆ ಪೂರ್ತಿ ಸುತ್ತು.

ಆಮೇಲೆ ಬಿದಿರಿನ ಏಣಿಯನ್ನು ನೆಲಕ್ಕೆ ಮಲಗಿಸಿ, ಮೆಟ್ಟಿಲುಗಳ ನಡುವೆ ಕಾಲಿಟ್ಟು ನಡೆಯುವುದು. ಓಡಿದರೆ ತಿಂಡಿ ಇಲ್ಲ, ನಿಧಾನಕ್ಕೆ ನಡೆದರೆ ಮಾತ್ರ. ಮುಂಗಾಲು ಲೆಕ್ಕ ಹಾಕಿ ಇಟ್ಟು, ಹಿಂಗಾಲು ಏಣಿಗೆ ಟಣ್ ಅಂತ ತಾಗಿಸಿ, ನನ್ನ ಕಡೆ ನೋಡುತ್ತಿದ್ದಳು. ದಿನ ಕಳೆದಂತೆ ಟಣ್ ಕಡಿಮೆಯಾಯಿತು.

ಮೂರನೆಯದು ಮೆಟ್ಟಿಲು. ಏರು, ಹಲಗೆ, ಸೀಸಾ ಈ ಮೂರರಲ್ಲೂ ನಾಯಿ ತುದಿಯ ಬಣ್ಣದ ಪಟ್ಟಿ ಮುಟ್ಟಿಯೇ ಇಳಿಯಬೇಕು, ಮೇಲಿನಿಂದ ನೆಗೆದರೆ ದಂಡ. ಭುಜ, ಬೆನ್ನಿಗೆ ಪೆಟ್ಟಾಗದಿರಲಿ ಅಂತಲೇ ಈ ನಿಯಮ. ಅದಕ್ಕೆ ಒಂದು ದಾರಿ, ಹಿಂಗಾಲು ಹಲಗೆ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ನಿಲ್ಲಲು ಕಲಿಸುವುದು. ಹಲಗೆಯೇ ಇಲ್ಲದೆ ನಾನು ಕಲಿಸಿದ್ದು ಮಾಳಿಗೆ ಮೆಟ್ಟಿಲಿನ ಕೊನೆಯ ಹಂತದಲ್ಲಿ. ಇಳಿಯುವಾಗ ಹಿಂಗಾಲು ಕೊನೆ ಮೆಟ್ಟಿಲ ಮೇಲೆ ಉಳಿದರೆ ಟಿಕ್, ಮುಂಗಾಲ ಬಳಿ ನೆಲದ ಮೇಲೆ ತಿಂಡಿ. "ಖೋ" ಅನ್ನುವವರೆಗೆ ಅಲ್ಲೇ. ಈಗ ಬಟ್ಟೆ ಒಣಗಿಸಿ ಇಳಿಯುವಾಗಲೂ ಅವಳು ಕೊನೆ ಮೆಟ್ಟಿಲಲ್ಲಿ ಹಾಗೇ ನಿಲ್ಲುತ್ತಾಳೆ. ಬಕೆಟ್ ಹಿಡಿದು ಹಿಂದೆ ಬರುವ ಅತ್ತೆಗೆ ದಾರಿ ಇಲ್ಲ. ಅವರೂ "ಖೋ" ಅನ್ನಲು ಕಲಿತಿದ್ದಾರೆ.

ಇಷ್ಟೆಲ್ಲ ಸರಾಗವಾಗಿ ಹೋಗುವಾಗ ನನಗೆ ದುರಾಸೆ ಬಂತು. ಪಕ್ಕದ ಖಾಲಿ ಸೈಟಿನಲ್ಲಿ ಸೆಂಟ್ರಿಂಗ್ ಹಲಗೆ ಬಿದ್ದಿತ್ತು. ಅಡಿಗೆ ಒಂದು ಕಲ್ಲು ಕೊಟ್ಟು ಸೀಸಾ ಮಾಡಿದೆ. ಮೇಡಂಗೆ ಹೇಳಲಿಲ್ಲ. ಕೋಳಿ ತೋರಿಸುತ್ತಾ ಕೆಂಪಿಯನ್ನು ಹತ್ತಿಸಿದೆ. ಅವಳು ಕೋಳಿಯನ್ನೇ ನೋಡುತ್ತಾ ನಡುಭಾಗ ದಾಟಿದಳು. ಹಲಗೆ ಧಡ್ ಅಂತ ನೆಲಕ್ಕೆ ಬಡಿಯಿತು. ಅಷ್ಟೇ. ಬಾಲ ಹೊಟ್ಟೆಗೆ ಸೇರಿಸಿಕೊಂಡು ಮನೆಗೆ ಓಡಿದವಳು ಸಂಜೆಯವರೆಗೆ ಮಂಚದ ಕೆಳಗಿಂದ ಬರಲಿಲ್ಲ. ಆಮೇಲೆ ಮೂರು ವಾರ ಆ ಸೈಟಿನ ಕಡೆ ಮುಖ ಹಾಕಲಿಲ್ಲ, ಮನೆಯಲ್ಲಿ ಈಳಿಗೆ ಮಣೆ ಸರಿಸಿದರೂ ಬೆಚ್ಚುತ್ತಿದ್ದಳು. ಅರ್ಧ ನಿಮಿಷದ ಆತುರಕ್ಕೆ ಇದು.

ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಸದ್ದು ಅವಳ ಕೈಯಲ್ಲಿರಲಿ" ಅಂದರು. ಅಂದರೆ, ಸದ್ದು ಅವಳ ಮೇಲೆ ಬೀಳಬಾರದು, ಅವಳೇ ಸದ್ದು ಮಾಡಬೇಕು. ನಡುಮನೆಯಲ್ಲಿ ದಪ್ಪ ಟವೆಲ್ ಹಾಸಿ, ಅದರ ಮೇಲೆ ಒಂದು ಸಣ್ಣ ಪ್ಲೈವುಡ್ ತುಂಡು. ಅವಳು ಮೂಗು ತಂದರೂ ಟಿಕ್. ಕಾಲು ತಾಗಿದರೆ ಎರಡು ತುಂಡು ಕೋಳಿ. ಆಮೇಲೆ ಅಡಿಗೆ ಒಂದು ಹಳೇ ಟೆನಿಸ್ ಚೆಂಡು, ಹಲಗೆ ಸ್ವಲ್ಪ ಅಲ್ಲಾಡುವಂತೆ. ಆಮೇಲೆ ಟವೆಲ್ ತೆಳ್ಳಗೆ. ಆಮೇಲೆ ಟವೆಲ್ಲೇ ಇಲ್ಲ. ಟಪ್ ಅಂದರೆ ಕೋಳಿ ಬರುತ್ತದೆ ಅಂತ ಗೊತ್ತಾದ ದಿನ ಅವಳು ನಿಂತು ನಿಂತು ಹಲಗೆ ಬಡಿಯತೊಡಗಿದಳು. ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರೂ ಮಲಗಿದಾಗ, ಟಪ್ ಟಪ್ ಟಪ್. ಇಷ್ಟಕ್ಕೆ ಎರಡು ತಿಂಗಳು ಬೇಕಾಯಿತು. ನಿಜವಾದ ಸೀಸಾ ಈಗಲೂ ನನ್ನ ಬಳಿ ಇಲ್ಲ, ಅವಸರವೂ ಇಲ್ಲ.

ಸುರಂಗಕ್ಕೆ ಇಷ್ಟು ಕಷ್ಟ ಪಡಲಿಲ್ಲ. ಮಕ್ಕಳು ಆಡುವ ಬಟ್ಟೆಯ ಸುರಂಗ ಆನ್‌ಲೈನಿನಲ್ಲಿ ತರಿಸಿ, ಬಳೆಯಂತೆ ಒತ್ತಿ ಗಿಡ್ಡ ಮಾಡಿ ಹಿಡಿದೆ. ಆಚೆ ತುದಿಯಲ್ಲಿ ನನ್ನ ಮುಖ ಕಂಡಿತು, ನುಗ್ಗಿದಳು. ದಿನಕ್ಕಿಷ್ಟು ಉದ್ದ ಬಿಟ್ಟೆ. ಗಾಳಿಗೆ ಹೊರಳದಿರಲಿ ಅಂತ ಎರಡು ಕಡೆ ಮರಳು ತುಂಬಿದ ಚೀಲ.

ದಾವಣಗೆರೆಯ ಬಿಸಿಲಿಗೆ ಮಾತ್ರ ಯಾವ ಟಿಕ್ಕೂ ನಡೆಯುವುದಿಲ್ಲ. ಮಾರ್ಚ್ ಬಂತೆಂದರೆ ಬೆಳಗ್ಗೆ ಐದೂಮುಕ್ಕಾಲಿಗೆ ಶುರು, ಆರೂವರೆಗೆ ಮುಗಿಯಿತು. ಸಂಜೆ ಅಂಗೈ ಹಿಂಬದಿಯನ್ನು ನೆಲಕ್ಕಿಟ್ಟು ಏಳು ಎಣಿಸುತ್ತೇನೆ, ಸುಟ್ಟರೆ ಅವತ್ತು ರಜೆ. ನಮ್ಮ ಸೈಟಿನದು ಎರೆ ಮಣ್ಣು. ಬೇಸಿಗೆಯಲ್ಲಿ ನಾಯಿಯ ಪಾದ ಹೂತುಹೋಗುವಷ್ಟು ಬಿರುಕು, ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುವ ಅಂಟು. ಎರಡೂ ಹೊತ್ತಲ್ಲಿ ಓಟವಿಲ್ಲ, ಮನೆಯೊಳಗಿನ ಇಟ್ಟಿಗೆ, ಏಣಿಯೇ ಗತಿ. ಪಾಠ ಒಂದು ಸಲಕ್ಕೆ ಮೂರ್ನಾಲ್ಕು ನಿಮಿಷ ಮಾತ್ರ. ಹತ್ತರಲ್ಲಿ ಎಂಟು ಸಲ ಸರಿಯಾದರೆ ಮುಂದಿನ ಹಂತ, ಇಲ್ಲವಾದರೆ ಹಿಂದಿನದೇ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಬೇಕು. ಇದು ನನಗೆ ತುಂಬಾ ಕಷ್ಟ.

ಕೆಂಪಿಗೆ ಈಗ 15 ತಿಂಗಳು. ಕಂಬಿ ಇನ್ನೂ ನೆಲಕ್ಕೇ ಮಲಗಿದೆ, ಅದನ್ನು ದಾಟಿ ಓಡುತ್ತಾಳೆ ಅಷ್ಟೇ. ಕಂಬಗಳ ಸಾಲಿಗೆ ಅವಳನ್ನು ಒಮ್ಮೆಯೂ ಬಿಟ್ಟಿಲ್ಲ. ಹೋದ ತಿಂಗಳು, ಮಕ್ಕಳಿಗೆ ರಜೆ ಇದ್ದಾಗ, ಮೊದಲ ಸಲ ಮೂರು ಸೇರಿಸಿ ಓಡಿಸೋಣ ಅಂತ ಬೆಳಗ್ಗೆ ಸೈಟಿಗೆ ಹೋದೆ. ನೆಲದ ಕಂಬಿ, ಸುರಂಗ, ಬಕೆಟ್ ಸುತ್ತು. ಕೆಂಪಿಯನ್ನು ಗೆರೆಯ ಹಿಂದೆ ಕೂರಿಸಿ ಮುಂದೆ ನಡೆದೆ. ಹತ್ತು ಹೆಜ್ಜೆ. ಅಲ್ಲಾಡಲಿಲ್ಲ. ಸ್ಕೂಟರ್ ಹೋಯಿತು, ಅಲ್ಲಾಡಲಿಲ್ಲ. ಹಾಲಿನವನು ಹಾರ್ನ್ ಹೊಡೆದ, ಅಲ್ಲಾಡಲಿಲ್ಲ. ನನಗೆ ಎದೆ ಉಬ್ಬಿತು.

ಅಷ್ಟರಲ್ಲಿ ಸೈಟಿನ ಆ ಕಡೆಯಿಂದ ಒಂದು ಹುಡುಗಿಯ ಗಂಟಲು, "ಖೋ!"

ಬೀದಿ ಮಕ್ಕಳು ಸಾಲಾಗಿ ಕೂತು ಖೋ ಖೋ ಶುರು ಮಾಡಿದ್ದರು. ಯಾರೂ ಮಾತಿನ ಮಧ್ಯೆ ಆಡದ ಪದ ಅಂತ ಆರಿಸಿದವಳು ನಾನೇ. ಕೆಂಪಿ ಬಾಣದಂತೆ ಎದ್ದಳು. ನನ್ನನ್ನೂ, ಕಂಬಿಯನ್ನೂ, ಸುರಂಗವನ್ನೂ ಬಿಟ್ಟು ನೇರ ಆ ಸಾಲಿಗೆ ಹೋಗಿ, ಕೂತ ಮಕ್ಕಳ ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿ ಆಚೆ ತುದಿಗೆ ಬಂದು ನಿಂತಳು. ಒಬ್ಬರಿಗೂ ಹಿಂಗಾಲು ತಾಗಿರಲಿಲ್ಲ.

"ಆಂಟಿ, ನಿಮ್ ಕೆಂಪಿ ಗೆರೆ ದಾಟಿದ್ಲು, ಫೌಲ್!" ಅಂತ ಒಬ್ಬ ಕೂಗಿದ.

"ಲೇ, ಅವಳು ಅಟ್ಟಿಸ್ಕೊಂಡು ಬಂದಿಲ್ಲ ಕಣೋ, ಓಡ್ತಿರೋಳು. ಓಡೋರು ದಾಟಬಹುದು" ಅಂದೆ.